ಹೊಡೆದಾಟದ ಸಿನಿಮಾದಲ್ಲಿ ಹೆಣ್ಣನ್ನು ನೋಡುವ ಬಗೆ

ಮುಂಬಯಿಯ ನಮ್ಮ ಉಪನಗರದಲ್ಲಿ ಕನ್ನಡ ಮನೆಗಳ ಹೆಂಗಸರು ಸೇರಿ ನಡೆಸುವ ಒಂದು ಪುಟ್ಟ ಬಳಗವಿದೆ. ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನದ ಊಟ ಮುಗಿದ ಮೇಲೆ, ಯಾರಾದರೊಬ್ಬರ ಮನೆಯಲ್ಲಿ ಚಾಪೆ ಹಾಸಿ ಸಿನಿಮಾ ನೋಡುತ್ತೇವೆ. ಗಂಡಸರೂ ಮಕ್ಕಳೂ ಬಂದು ಕೂರುತ್ತಾರೆ. ಮೊದಮೊದಲು ಪ್ರಶಸ್ತಿ ಪಡೆದ ಗಂಭೀರ ಚಿತ್ರಗಳನ್ನೇ ಆರಿಸುತ್ತಿದ್ದೆವು. ಆದರೆ ಮನೆಯಲ್ಲಿ ಮಕ್ಕಳು ದಿನವೂ ನೋಡುವುದು, ಗಂಡಸರು ಶನಿವಾರ ಸಂಜೆ ಟಿಕೆಟ್ ತೆಗೆದು ಹೋಗುವುದು, ನಾವು ಹೆಂಗಸರೂ ಚಪಾತಿ ಲಟ್ಟಿಸುತ್ತ ಅರೆಗಣ್ಣಿನಲ್ಲಿ ನೋಡಿ ಮೆಚ್ಚಿಕೊಳ್ಳುವುದು ಹೊಡೆದಾಟದ ಸಿನಿಮಾಗಳನ್ನೇ. ಹೆಣ್ಣು ಎಂದರೆ ಹೇಗಿರಬೇಕು, ಗಂಡು ಎಂದರೆ ಹೇಗಿರಬೇಕು ಎಂಬ ಪಾಠ ನಮ್ಮ ಮನೆಗಳಿಗೆ ಬರುತ್ತಿರುವುದು ಆ ದಾರಿಯಿಂದ ಎಂದು ಅರ್ಥವಾದ ಮೇಲೆ, ಅವುಗಳನ್ನೇ ಎದುರಿಗಿಟ್ಟುಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ನೋಡತೊಡಗಿದೆವು. ಹಾಗೆ ನೋಡುತ್ತ ನೋಡುತ್ತ ಕೈಗೂಡಿದ ಒಂದು ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಒಬ್ಬರೇ ಕುಳಿತೂ ಮಾಡಬಹುದು, ಮನೆಮಂದಿಯೆಲ್ಲ ಸೇರಿಯೂ ಮಾಡಬಹುದು.

ಮೊದಲು ನಾವು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಪೊಲೀಸ್ ಅಧಿಕಾರಿಣಿಯೊಬ್ಬಳೇ ನಾಯಕಿಯಾಗಿರುವ ಚಿತ್ರವೊಂದನ್ನು ಹಾಕಿ, ಅವಳು ಎಷ್ಟು ಮಂದಿಯನ್ನು ಹೊಡೆದು ಕೆಡವುತ್ತಾಳೆ ಎಂದು ಎಣಿಸುತ್ತ ಕುಳಿತೆವು. ಎಣಿಕೆ ದೊಡ್ಡದಾಗಿಯೇ ಬಂತು. ಹೆಣ್ಣನ್ನು ಎಷ್ಟು ಗಟ್ಟಿಯಾಗಿ ತೋರಿಸಿದ್ದಾರೆ ಎಂದು ಎಲ್ಲರೂ ಮೆಚ್ಚಿ ಮಾತನಾಡುತ್ತಿದ್ದೆವು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರು, ನಾವೆಲ್ಲ ದೊಡ್ಡಕ್ಕ ಎಂದು ಕರೆಯುವವರು, ಚಹಾದ ಲೋಟವನ್ನು ಕೆಳಗಿಟ್ಟು, "ಅಷ್ಟು ಮಂದಿಗೆ ಹೊಡೆದಳು, ಸರಿ. ಬೀಗದ ಕೈ ಯಾರ ಹತ್ತಿರ ಇತ್ತು, ಅದನ್ನು ಯಾರಾದರೂ ನೋಡಿದಿರಾ?" ಎಂದು ಕೇಳಿದರು. ಕೂಡುಕುಟುಂಬದಲ್ಲಿ ಮೂವತ್ತು ವರ್ಷ ಬಾಳಿದ ಅವರಿಗೆ ಆ ಮಾತಿನ ತೂಕ ಗೊತ್ತಿತ್ತು. ಮನೆಯಲ್ಲಿ ಯಾರು ಎಷ್ಟು ದುಡಿದರೂ ಕಪಾಟಿನ ಬೀಗದ ಕೈ ಯಾರ ಸೆರಗಿನಲ್ಲಿ ಅಥವಾ ಯಾರ ಜೇಬಿನಲ್ಲಿ ಇದೆಯೋ ಅವರದೇ ಮನೆ. ಸಿನಿಮಾವನ್ನು ಹಿಂದಕ್ಕೆ ಓಡಿಸಿ ನೋಡಿದೆವು. ಅವಳಿಗೆ ಆ ಪ್ರಕರಣವನ್ನು ವಹಿಸಿದ್ದು ಅಪ್ಪನ ಗೆಳೆಯ. ನಡುವೆ ಅವಳು ಪಿಸ್ತೂಲನ್ನು ಒಪ್ಪಿಸಿ ಮನೆಗೆ ಮರಳಿದ್ದು ಮದುವೆಯಾಗಬೇಕಿದ್ದವನ ಮಾತಿಗೆ. ಕೊನೆಯಲ್ಲಿ ಖಳನನ್ನು ಮುಗಿಸಿದ್ದೂ ಅವನೇ. ಎರಡೂವರೆ ಗಂಟೆಯ ಕಥೆಯಲ್ಲಿ ಅವಳು ತಾನಾಗಿ ತೆಗೆದುಕೊಂಡ, ಮತ್ತು ಅದರಿಂದ ಕಥೆಯ ದಿಕ್ಕು ಬದಲಾದ ತೀರ್ಮಾನ ಒಂದೂ ಇರಲಿಲ್ಲ.

ಆ ದಿನದಿಂದ ನಾವು ಪೆಟ್ಟುಗಳನ್ನು ಬಿಟ್ಟು ತೀರ್ಮಾನಗಳನ್ನು ಎಣಿಸುತ್ತೇವೆ. ಮುಂದೆ ಬರುವ ಎಲ್ಲ ಹಂತಗಳ ಹಿಂದೆ ಇರುವುದು ಇದೊಂದೇ ಪ್ರಶ್ನೆ.

ಕೂರುವ ಮೊದಲು

ಚಿತ್ರಮಂದಿರದಲ್ಲಿ ಈ ಕೆಲಸ ಆಗುವುದಿಲ್ಲ. ಅಲ್ಲಿ ಶಿಳ್ಳೆ, ಚಪ್ಪಾಳೆ, ಕಿವಿ ತುಂಬುವ ಹಿನ್ನೆಲೆ ಸಂಗೀತ ಸೇರಿ ನಮ್ಮನ್ನು ಎಳೆದುಕೊಂಡು ಹೋಗುತ್ತವೆ. ಹಾಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ. ಮೊದಲ ಸಲ ಹಾಗೆಯೇ, ಮನಸ್ಸಿಟ್ಟು, ಖುಷಿಯಿಂದ ನೋಡಿ ಬನ್ನಿ. ಎರಡನೆಯ ಸಲ ಮನೆಯಲ್ಲಿ, ರಿಮೋಟ್ ಕೈಯಲ್ಲಿಟ್ಟುಕೊಂಡು ನೋಡಿ. ಒಂದು ನೋಟ್‌ಬುಕ್, ಒಂದು ಪೆನ್ನು, ಮೊಬೈಲಿನ ಸ್ಟಾಪ್‌ವಾಚ್ ಇಷ್ಟಿದ್ದರೆ ಸಾಕು. ಪುಟವನ್ನು ನಾಲ್ಕು ಕಾಲಮ್ಮಾಗಿ ಗೆರೆ ಎಳೆದು, ಅವಳ ಹೆಸರು ಮತ್ತು ಕೆಲಸ, ಅವಳು ತೆಗೆದುಕೊಂಡ ತೀರ್ಮಾನ, ಅವಳ ಮೇಲೆ ನಡೆದದ್ದು, ಕ್ಯಾಮೆರಾ ಎಲ್ಲಿತ್ತು ಎಂದು ತಲೆಬರಹ ಕೊಡಿ. ಆರೆಂಟು ಮಂದಿ ಕೂಡಿ ನೋಡುವುದಾದರೆ ಒಬ್ಬೊಬ್ಬರಿಗೆ ಒಂದೊಂದು ಕಾಲಮ್ ಹಂಚಿಬಿಡುವುದು ಒಳ್ಳೆಯದು. ಎಲ್ಲರೂ ಎಲ್ಲವನ್ನೂ ಬರೆಯಹೊರಟರೆ ಸಿನಿಮಾ ನೋಡುವುದೇ ಉಳಿದುಹೋಗುತ್ತದೆ.

ಮಕ್ಕಳು ಜೊತೆಗಿದ್ದರೆ ಚಿತ್ರದ ಸೆನ್ಸಾರ್ ಪ್ರಮಾಣಪತ್ರವನ್ನು ಮೊದಲೇ ನೋಡಿಕೊಳ್ಳಿ. 2024ರ ನಿಯಮಗಳು ಬಂದ ಮೇಲೆ, ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯು/ಎ ಎಂಬ ಒಂದೇ ವರ್ಗವನ್ನು 7, 13, 16 ಎಂಬ ವಯಸ್ಸಿನ ಮೂರು ಮೆಟ್ಟಿಲುಗಳಾಗಿ ಒಡೆದಿದ್ದಾರೆ. ಅದಕ್ಕೂ ಹಿಂದಿನ ಚಿತ್ರಗಳಿಗೆ ಈ ವಿಂಗಡಣೆ ಇರುವುದಿಲ್ಲವಾದ್ದರಿಂದ ಅವುಗಳನ್ನು ದೊಡ್ಡವರೊಬ್ಬರು ಮುಂಚಿತವಾಗಿ ನೋಡಿಟ್ಟುಕೊಳ್ಳಬೇಕು.

ಎಂಟ್ರಿಯನ್ನು ಎರಡು ಸಲ ನೋಡಿ

ನಾಯಕ ತೆರೆಯ ಮೇಲೆ ಬರುವ ಮೊದಲ ದೃಶ್ಯವನ್ನೂ ನಾಯಕಿ ಬರುವ ಮೊದಲ ದೃಶ್ಯವನ್ನೂ ಒಂದರ ಹಿಂದೆ ಒಂದರಂತೆ ಹಾಕಿ ನೋಡಿ. ನಾಯಕನ ಎಂಟ್ರಿಗೆ ಮೊದಲು ಅವನ ಬಗ್ಗೆ ಇತರರು ಮಾತನಾಡಿಕೊಳ್ಳುತ್ತಾರೆ. ಬಳಿಕ ಕಾಲು, ಧೂಳು, ಮುಷ್ಟಿ, ಕೊನೆಗೆ ಮುಖ. ಕ್ಯಾಮೆರಾ ನೆಲಮಟ್ಟದಲ್ಲಿದ್ದು ಅವನನ್ನು ತಲೆಯೆತ್ತಿ ನೋಡುತ್ತದೆ. ಅವನು ಏನನ್ನೋ ಮಾಡುತ್ತಿರುವಾಗಲೇ ನಮಗೆ ಕಾಣಿಸಿಕೊಳ್ಳುತ್ತಾನೆ. ನಾಯಕಿ ಬರುವಾಗ ಬಹಳಷ್ಟು ಚಿತ್ರಗಳಲ್ಲಿ ಗಾಳಿ ಬೀಸುತ್ತದೆ, ಕೂದಲು ಹಾರುತ್ತದೆ, ಕ್ಯಾಮೆರಾ ಪಾದದಿಂದ ಮೇಲಕ್ಕೆ ನಿಧಾನವಾಗಿ ಏರುತ್ತ ಸೊಂಟದ ಬಳಿ ತುಸು ತಡೆಯುತ್ತದೆ. ಅವಳನ್ನು ನೋಡುತ್ತಿರುವವನು ಯಾರು ಎಂದು ಗಮನಿಸಿ: ಮರುಕ್ಷಣವೇ ಬಾಯಿ ತೆರೆದು ನಿಂತಿರುವ ನಾಯಕನ ಮುಖ ಬರುತ್ತದೆ. ಅಂದರೆ ನಾವು ಇಷ್ಟು ಹೊತ್ತೂ ಅವನ ಕಣ್ಣಿನಿಂದ ನೋಡುತ್ತಿದ್ದೆವು.

ಲಾರಾ ಮಲ್ವಿ ಎಂಬ ಬ್ರಿಟಿಷ್ ವಿದ್ವಾಂಸೆ 1975ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದನ್ನೇ ವಿವರವಾಗಿ ಬಿಡಿಸಿ ತೋರಿಸಿದರು. ಮುಖ್ಯವಾಹಿನಿಯ ಸಿನಿಮಾದಲ್ಲಿ ನೋಡುವ ಹಕ್ಕು ಗಂಡಿಗೆ, ನೋಡಿಸಿಕೊಳ್ಳುವ ಪಾಡು ಹೆಣ್ಣಿಗೆ; ಪ್ರೇಕ್ಷಕರು ಗಂಡಾಗಿರಲಿ ಹೆಣ್ಣಾಗಿರಲಿ, ಆ ಗಂಡಿನ ಕಣ್ಣನ್ನೇ ಎರವಲು ಪಡೆದು ನೋಡುತ್ತಾರೆ ಎಂಬುದು ಅವರ ವಾದದ ಸಾರ. ಈ ಮಾತನ್ನು ಸಭೆಯಲ್ಲಿ ಹೇಳಿದರೆ ಕೆಲವರಿಗೆ ಭಾರವೆನಿಸಬಹುದು. ಎಂಟ್ರಿ ದೃಶ್ಯಗಳೆರಡನ್ನು ಬೆನ್ನಿಗೆ ಬೆನ್ನು ಹಚ್ಚಿ ತೋರಿಸಿದರೆ ಯಾರೂ ವಿವರಣೆ ಕೇಳುವುದಿಲ್ಲ.

ಮೊದಲ ಕಾಲಮ್ಮಿನಲ್ಲಿ ಅವಳ ಕೆಲಸವನ್ನು ಬರೆಯುವಾಗ ಒಂದು ಎಚ್ಚರಿಕೆ ಬೇಕು. ಕೆಲಸದ ಹೆಸರು ಹೇಳುವುದು ಬೇರೆ, ಕೆಲಸ ತೋರಿಸುವುದು ಬೇರೆ. ಅವಳು ಪತ್ರಕರ್ತೆ ಎನ್ನುತ್ತಾರೆ, ಒಂದು ಸಾಲು ಬರೆದದ್ದನ್ನು ತೋರಿಸುವುದಿಲ್ಲ. ಡಾಕ್ಟರ್ ಎನ್ನುತ್ತಾರೆ, ಕೊರಳಲ್ಲಿ ಸ್ಟೆತಾಸ್ಕೋಪ್ ಇರುತ್ತದೆ, ನಾಯಕನ ಗಾಯಕ್ಕೆ ಪಟ್ಟಿ ಕಟ್ಟುವುದರ ಹೊರತು ಬೇರೆ ರೋಗಿ ಬರುವುದಿಲ್ಲ. ತೋರಿಸಿದ ಕೆಲಸವನ್ನು ಮಾತ್ರ ಬರೆದುಕೊಳ್ಳಿ.

ಮಾತಿನ ಲೆಕ್ಕ

ಅಮೆರಿಕದ ವ್ಯಂಗ್ಯಚಿತ್ರ ಕಲಾವಿದೆ ಆಲಿಸನ್ ಬೆಕ್ಡೆಲ್ 1985ರಲ್ಲಿ ತಮ್ಮ ಚಿತ್ರಪಟ್ಟಿಯೊಂದರಲ್ಲಿ ಒಂದು ಪಾತ್ರದ ಬಾಯಿಂದ ಮೂರು ಷರತ್ತುಗಳನ್ನು ಹೇಳಿಸಿದರು: ಸಿನಿಮಾದಲ್ಲಿ ಕನಿಷ್ಠ ಇಬ್ಬರು ಹೆಂಗಸರಿರಬೇಕು, ಅವರು ಒಬ್ಬರೊಡನೊಬ್ಬರು ಮಾತನಾಡಬೇಕು, ಆ ಮಾತು ಗಂಡಸಿನ ವಿಷಯವನ್ನು ಬಿಟ್ಟು ಬೇರೆ ಯಾವುದಾದರೂ ಆಗಿರಬೇಕು. ಈ ಯೋಚನೆ ತಮ್ಮ ಗೆಳತಿ ಲಿಜ್ ವ್ಯಾಲೇಸ್ ಅವರದೆಂದು ಅವರು ಅದೇ ಚಿತ್ರಪಟ್ಟಿಯಲ್ಲಿ ನೆನೆದಿದ್ದಾರೆ. ಇದು ಇಂದು ಬೆಕ್ಡೆಲ್ ಪರೀಕ್ಷೆ ಎಂದೇ ಪ್ರಸಿದ್ಧ. ಇದನ್ನು ಅಂಕ ಕೊಡುವ ಪರೀಕ್ಷೆಯೆಂದು ತಿಳಿಯದೆ ಬಾಗಿಲು ತಟ್ಟುವ ಮೊದಲ ತಟ್ಟಿನಂತೆ ಬಳಸಬೇಕು. ಇಬ್ಬರು ಹೆಂಗಸರು ಸೀರೆಯ ಬಣ್ಣದ ಬಗ್ಗೆ ಎರಡು ಮಾತಾಡಿದರೂ ಚಿತ್ರ ಪಾಸಾಗಿಬಿಡುತ್ತದೆ. ಒಬ್ಬಳೇ ಹೆಣ್ಣು ಇಡೀ ಕಥೆಯನ್ನು ಹೊತ್ತು ನಡೆದರೂ ಫೇಲಾಗಬಹುದು. ಆದರೂ ನಾವು ನೋಡಿದ ಹೊಡೆದಾಟದ ಚಿತ್ರಗಳಲ್ಲಿ ಎಷ್ಟೋ ಮೂರನೆಯ ಷರತ್ತಿಗೇ ಬಾರದೆ ಎರಡನೆಯದರಲ್ಲೇ ನಿಂತುಹೋದವು. ತಾಯಿ, ತಂಗಿ, ಪ್ರೇಯಸಿ ಮೂವರೂ ಅದೇ ಮನೆಯಲ್ಲಿರುತ್ತಾರೆ, ಮೂವರೂ ನಾಯಕನೊಡನೆ ಮಾತನಾಡುತ್ತಾರೆ, ತಮ್ಮ ತಮ್ಮೊಳಗೆ ಮಾತನಾಡುವುದಿಲ್ಲ. ನಮ್ಮ ಮನೆಗಳಲ್ಲಿ ಎಂದಾದರೂ ಹೀಗಿದೆಯೇ?

ಇನ್ನೊಂದು ಲೆಕ್ಕ ನಮ್ಮ ಭಾಷೆಗಳದೇ. "ನಾನೇನು ಕೈಗೆ ಬಳೆ ತೊಟ್ಟುಕೊಂಡಿದ್ದೇನಾ?" ಎಂಬ ಮಾತು ಬಂದಾಗಲೆಲ್ಲ ಪುಟದ ಅಂಚಿನಲ್ಲಿ ಒಂದು ಗೆರೆ ಎಳೆಯಿರಿ. ಮುಂಬಯಿಯಲ್ಲಿ ನಾವು ಇದನ್ನು ಮೂರು ಭಾಷೆಗಳಲ್ಲಿ ಕೇಳುತ್ತೇವೆ. ಹಿಂದಿಯಲ್ಲಿ ಚೂಡಿಯಾಂ, ಮರಾಠಿಯಲ್ಲಿ ಬಾಂಗಡ್ಯಾ, ಕನ್ನಡದಲ್ಲಿ ಬಳೆ. ಮೂರರಲ್ಲೂ ಬಳೆ ತೊಟ್ಟವರು ಹೇಡಿಗಳೆಂಬ ಅರ್ಥ ಬದಲಾಗುವುದಿಲ್ಲ. ವಿಚಿತ್ರವೆಂದರೆ ನಾಯಕಿಯೇ ಎದುರಾಳಿಗೆ ಈ ಮಾತನ್ನು ಹೇಳಿ ಹೊಡೆಯುವುದೂ ಉಂಟು. ಹಾಗೆಯೇ "ಗಂಡಸಿನ ಹಾಗೆ ಹೋರಾಡಿದಳು" ಎಂಬ ಹೊಗಳಿಕೆ, "ಗಂಡುಬೀರಿ" ಎಂಬ ಬೈಗುಳ, "ಹೆಣ್ಣಿಗನ ಹಾಗೆ ಅಳಬೇಡ" ಎಂದು ಹುಡುಗನಿಗೆ ಹೇಳುವ ಬುದ್ಧಿಮಾತು ಇವೆಲ್ಲ ಒಂದೇ ಚೀಲದ ಸರಕು. ಧೈರ್ಯವನ್ನು ಗಂಡಸಿನ ಸ್ವತ್ತೆಂದು ಮೊದಲೇ ಬರೆದಿಟ್ಟು, ಹೆಣ್ಣಿಗೆ ಅದನ್ನು ಕೆಲವು ಗಂಟೆಗಳ ಮಟ್ಟಿಗೆ ಕಡ ಕೊಡುವ ಮಾತುಗಳಿವು. ಗಂಡುಮಕ್ಕಳಿಗೂ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಅಳುವುದಕ್ಕೆ, ಹೆದರುವುದಕ್ಕೆ, ಹೊಡೆಯದೆ ಬಿಡುವುದಕ್ಕೆ ಅವರಿಗೆ ದಾರಿಯೇ ಉಳಿಯುವುದಿಲ್ಲ. ಡಬ್ ಆದ ಚಿತ್ರವಾದರೆ ಅದೇ ದೃಶ್ಯವನ್ನು ಎರಡು ಭಾಷೆಗಳಲ್ಲಿ ಹಾಕಿ ಕೇಳಿ. ಮೂಲದಲ್ಲಿ ಇಲ್ಲದ ಬಳೆಯ ಮಾತು ಡಬ್ಬಿಂಗಿನಲ್ಲಿ ಬಂದು ಸೇರಿಕೊಂಡದ್ದನ್ನು ನಾವು ಒಮ್ಮೆ ಹಿಡಿದಿದ್ದೇವೆ.

ಅವಳ ನೋವು ಯಾರ ಕಥೆಗೆ ಸಲ್ಲುತ್ತದೆ

ಈ ಭಾಗವನ್ನು ಮೆತ್ತಗೆ ಮಾಡಬೇಕು. ನಾಯಕನ ತಂಗಿಯ ಮೇಲೆ ಅತ್ಯಾಚಾರ, ಹೆಂಡತಿಯ ಕೊಲೆ, ತಾಯಿಗೆ ಅವಮಾನ, ಬಳಿಕ ಎರಡು ಗಂಟೆ ಸೇಡು ಎಂಬುದು ನಮ್ಮಲ್ಲಿ ಎಷ್ಟು ಸವೆದ ದಾರಿಯೆಂದರೆ ಅದನ್ನು ಯಾರೂ ಪ್ರಶ್ನಿಸುವುದೂ ಇಲ್ಲ. ಅಮೆರಿಕದ ಕಾಮಿಕ್ಸ್ ಓದುತ್ತಿದ್ದ ಗೇಲ್ ಸಿಮೋನ್ 1999ರಲ್ಲಿ, ನಾಯಕನನ್ನು ಕೆರಳಿಸುವುದಕ್ಕಾಗಿಯೇ ಸತ್ತ, ಅಂಗಹೀನರಾದ, ಅತ್ಯಾಚಾರಕ್ಕೊಳಗಾದ ಹೆಣ್ಣು ಪಾತ್ರಗಳದೊಂದು ಪಟ್ಟಿ ಮಾಡಿದರು; ಕೊಲೆಯಾದ ಪ್ರೇಯಸಿಯನ್ನು ನಾಯಕನು ಫ್ರಿಜ್ಜಿನಲ್ಲಿ ಕಾಣುವ ಒಂದು ಕಥೆಯಿಂದ ಆ ಪಟ್ಟಿಗೆ ಹೆಸರು ಬಂತು. ಅವರು ಮುಂದೆ ತಾವೇ ಕಾಮಿಕ್ಸ್ ಬರೆಯುವವರಾದರು. ಆ ಪಟ್ಟಿಯ ಪ್ರಶ್ನೆಯನ್ನೇ ನಮ್ಮ ಮೂರನೆಯ ಕಾಲಮ್ಮಿನಲ್ಲಿ ಕೇಳಬಹುದು: ಆ ಘಟನೆ ಆದ ಮೇಲೆ ಅವಳು ಮಾತನಾಡುತ್ತಾಳೆಯೇ? ಬದುಕಿ ಉಳಿದರೆ ಅವಳಿಗೆ ಏನು ಬೇಕೆಂದು ಯಾರಾದರೂ ಕೇಳುತ್ತಾರೆಯೇ? ಘಟನೆಯನ್ನು ಎಷ್ಟು ಹೊತ್ತು ತೋರಿಸಿದರು, ಅವಳ ಚೇತರಿಕೆಯನ್ನು ಎಷ್ಟು ಹೊತ್ತು ತೋರಿಸಿದರು? ಸ್ಟಾಪ್‌ವಾಚ್ ಇರುವುದು ಇದಕ್ಕಾಗಿಯೇ.

ಸೆನ್ಸಾರ್ ಮಂಡಳಿಗೆ ಕೇಂದ್ರ ಸರ್ಕಾರವು 1952ರ ಸಿನಿಮಾಟೋಗ್ರಾಫ್ ಕಾಯ್ದೆಯಡಿ 1991ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಹೆಣ್ಣನ್ನು ಕೀಳಾಗಿಸುವ ದೃಶ್ಯಗಳು ಇರಬಾರದು, ಲೈಂಗಿಕ ಹಿಂಸೆಯ ದೃಶ್ಯಗಳನ್ನು ಕೈಬಿಡಬೇಕು, ಕಥಾವಸ್ತುವಿಗೆ ಸಂಗತವಾಗಿದ್ದರೆ ವಿವರವಿಲ್ಲದೆ ಕನಿಷ್ಠ ಮಟ್ಟಕ್ಕೆ ಇಳಿಸಬೇಕು ಎಂದು ಬರೆದಿದೆ. ಸಂಗತ ಎಂಬ ಆ ಒಂದು ಪದದ ಬಾಗಿಲಿನಿಂದ ಎಷ್ಟೆಲ್ಲ ಒಳಗೆ ಬಂದಿದೆ ಎಂಬುದನ್ನು ನಿಮ್ಮ ಕಾಲಮ್ಮೇ ಹೇಳುತ್ತದೆ.

ಕೂಡಿ ನೋಡುವಾಗ ಇಂಥ ದೃಶ್ಯ ಬರುತ್ತದೆಂದು ಮೊದಲೇ ತಿಳಿಸಿ. ಎದ್ದು ಅಡುಗೆಮನೆಗೆ ಹೋಗುವವರನ್ನು ಏಕೆಂದು ಕೇಳಬೇಡಿ. ಬೇಕಾದರೆ ದೃಶ್ಯವನ್ನು ಓಡಿಸಿ, ಸಮಯವನ್ನು ಮಾತ್ರ ಬರೆದುಕೊಳ್ಳಿ. ಆ ಕೋಣೆಯಲ್ಲಿ ಯಾರ ಬದುಕಿನಲ್ಲಿ ಏನು ನಡೆದಿದೆ ಎಂಬುದು ನಮಗೆ ತಿಳಿದಿರುವುದಿಲ್ಲ.

ಹೊಡೆದಾಟವನ್ನು ಬಿಡಿಸಿ ನೋಡುವುದು

ಇನ್ನು ಹೊಡೆದಾಟ. ನಾಯಕಿಯ ಒಂದು ಹೊಡೆದಾಟವನ್ನು ಆರಿಸಿ, ಶಬ್ದ ಪೂರ್ತಿ ತೆಗೆದು ನೋಡಿ. ಸಂಗೀತ ಹೋದೊಡನೆ ದೃಶ್ಯದ ಎಲುಬು ಕಾಣುತ್ತದೆ. ಕಟ್ ಬಿದ್ದಾಗಲೆಲ್ಲ ಬೆರಳಿನಿಂದ ನೆಲ ತಟ್ಟುತ್ತ ಹೋಗಿ. ಅವಳು ಕೈ ಎತ್ತುವುದು ಒಂದು ಶಾಟ್, ಎದುರಾಳಿ ಹಾರಿ ಬೀಳುವುದು ಇನ್ನೊಂದು ಶಾಟ್, ನಡುವೆ ಪೆಟ್ಟು ತಾಗಿದ್ದೇ ಕಾಣುವುದಿಲ್ಲ. ಅಲ್ಲಿ ಅವಳ ಮೈಯನ್ನು ನಂಬದ ಚಿತ್ರತಂಡವಿದೆ, ಅಥವಾ ಅವಳಿಗೆ ಅಭ್ಯಾಸ ಮಾಡಿಸಲು ಸಮಯ ಕೊಡದ ವೇಳಾಪಟ್ಟಿಯಿದೆ. ಅದೇ ಚಿತ್ರದ ನಾಯಕನ ಹೊಡೆದಾಟಕ್ಕೂ ಬೆರಳು ತಟ್ಟಿ ನೋಡಿ. ಇಬ್ಬರಿಗೂ ಕಟ್ಟುಗಳು ಅಷ್ಟೇ ಇದ್ದರೆ ಅದು ಆ ಚಿತ್ರದ ಶೈಲಿ. ಅವಳದರಲ್ಲಿ ಮಾತ್ರ ಹೆಚ್ಚಾಗಿದ್ದರೆ ಅದು ಬೇರೆಯೇ ಮಾತು.

ಬಳಿಕ ಅವಳ ಕಾಲನ್ನು ನೋಡಿ. ಹಿಮ್ಮಡಿ ಎತ್ತರದ ಚಪ್ಪಲಿಯಲ್ಲಿ ಮೆಟ್ಟಿಲಿನ ಮೇಲೆ ಓಡುತ್ತಾಳೆಯೇ? ಬಿಚ್ಚಿದ ಕೂದಲು ಕಣ್ಣಿಗೆ ಬೀಳದೆ ಇರುತ್ತದೆಯೇ? ಹೊಡೆದಾಟ ಮುಗಿದಾಗ ನಾಯಕನ ಅಂಗಿ ಹರಿದು, ಹುಬ್ಬು ಒಡೆದು, ಮೈ ಬೆವರಿರುತ್ತದೆ. ಅವಳ ಕಾಡಿಗೆ ಅಳಿಸಿರುತ್ತದೆಯೇ? ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ಬೆಳಗ್ಗೆ ಎಂಟೂಕಾಲರ ಗಾಡಿಗೆ ಹತ್ತುವ ನಮಗೆ ಮೈ ಬಳಸುವುದೆಂದರೇನು ಎಂದು ಚೆನ್ನಾಗಿ ಗೊತ್ತು: ಸೆರಗನ್ನು ಅಥವಾ ದುಪಟ್ಟಾವನ್ನು ಸೊಂಟಕ್ಕೆ ಸಿಕ್ಕಿಸುತ್ತೇವೆ, ಚೀಲವನ್ನು ಎದೆಗೆ ತಿರುಗಿಸಿಕೊಳ್ಳುತ್ತೇವೆ, ಕೂದಲಿಗೆ ಕ್ಲಿಪ್ ಹಾಕುತ್ತೇವೆ, ಮೊಣಕೈಯನ್ನು ಹೊರಕ್ಕೆ ಇಟ್ಟು ಜಾಗ ಮಾಡಿಕೊಳ್ಳುತ್ತೇವೆ. ಅಷ್ಟನ್ನು ಮಾಡಿಕೊಂಡ ನಾಯಕಿಯನ್ನು ತೆರೆಯ ಮೇಲೆ ಕಂಡರೆ ಆ ಚಿತ್ರದಲ್ಲಿ ಯಾರೋ ಹೆಣ್ಣಿನ ಮೈಯನ್ನು ಒಳಗಿನಿಂದ ಬಲ್ಲವರಿದ್ದಾರೆ ಎಂದು ಬರೆದುಕೊಳ್ಳಿ.

ಹೋಲಿಕೆಗೆ ದೂರ ಹೋಗಬೇಕಿಲ್ಲ. ಇದೇ ಮುಂಬಯಿಯಲ್ಲಿ, ಜೆ.ಬಿ.ಎಚ್. ವಾಡಿಯಾ ಮತ್ತು ಹೋಮಿ ವಾಡಿಯಾ ಸಹೋದರರು 1933ರಲ್ಲಿ ಕಟ್ಟಿದ ವಾಡಿಯಾ ಮೂವಿಟೋನ್ ಸಂಸ್ಥೆಯಿಂದ 1935ರಲ್ಲಿ 'ಹಂಟರ್‌ವಾಲಿ' ಬಂತು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ 1908ರಲ್ಲಿ ಹುಟ್ಟಿದ ಮೇರಿ ಆ್ಯನ್ ಇವಾನ್ಸ್ ಅದರಲ್ಲಿ ನಾದಿಯಾ ಎಂಬ ಹೆಸರಿನಿಂದ, ಮುಖವಾಡ ಧರಿಸಿ ಚಾಟಿ ಹಿಡಿದು ದುಷ್ಟ ಮಂತ್ರಿಯ ವಿರುದ್ಧ ನಿಲ್ಲುವ ರಾಜಕುಮಾರಿಯ ಪಾತ್ರ ಮಾಡಿದರು. ಮರುವರ್ಷದ ಇನ್ನೊಂದು ಚಿತ್ರದಲ್ಲಿ ಓಡುವ ರೈಲಿನ ಮೇಲೆ ಹೊಡೆದಾಡಿದರು. ಸಾಹಸಗಳನ್ನು ತಾವೇ ಮಾಡುತ್ತಿದ್ದರು. ಗಂಡಾಳನ್ನು ಹೆಗಲಿಗೆ ಎತ್ತಿ ನಿಲ್ಲುವುದು ಅವರ ಗುರುತೇ ಆಗಿತ್ತು. ಅವರ ದೃಶ್ಯಗಳ ತುಣುಕು ಸಿಕ್ಕರೆ ನೋಡಿ: ಕ್ಯಾಮೆರಾ ದೂರದಲ್ಲಿ ನಿಂತು ತಲೆಯಿಂದ ಕಾಲಿನವರೆಗೆ ಇಡೀ ಮೈಯನ್ನು ತೋರಿಸುತ್ತದೆ, ಎತ್ತಿದ್ದೂ ಎಸೆದದ್ದೂ ಒಂದೇ ಶಾಟಿನಲ್ಲಿ ಕಾಣುತ್ತದೆ. ತೊಂಬತ್ತು ವರ್ಷಗಳ ಹಿಂದೆ ಸಾಧ್ಯವಾದದ್ದು ಈಗ ಏಕೆ ಅಪರೂಪವಾಯಿತು ಎಂಬ ಪ್ರಶ್ನೆಯ ಸುತ್ತ ನಮ್ಮ ಬಳಗದಲ್ಲಿ ಒಂದಿಡೀ ಸಂಜೆ ಕಳೆದಿದೆ. ಆ ದಿನಗಳಲ್ಲೂ ನಾದಿಯಾ ಬಿಳಿಯ ಮೈಬಣ್ಣದವರಾದ್ದರಿಂದ ಅವರಿಗೆ ಸಿಕ್ಕ ಸಲಿಗೆ ಇಲ್ಲಿಯ ನಟಿಗೆ ಸಿಗುತ್ತಿತ್ತೇ ಎಂದು ಒಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು.

ಡ್ಯೂಪ್ ವಿಷಯವನ್ನೂ ಮರೆಯಬಾರದು. ನಾಯಕಿಯ ಸಾಹಸವನ್ನು ವಿಗ್ಗು ತೊಟ್ಟ ಗಂಡಸರಿಂದ ಮಾಡಿಸುವ ಪದ್ಧತಿ ನಮ್ಮ ಚಿತ್ರರಂಗದಲ್ಲಿ ಬಹುಕಾಲ ನಡೆದಿದೆ. ಅಂಥ ಕಾಲದಲ್ಲಿ ಈ ಕೆಲಸವನ್ನು ಹೊಟ್ಟೆಪಾಡಾಗಿ ಆರಿಸಿಕೊಂಡ ಮುಂಬಯಿಯ ರೇಷ್ಮಾ ಪಠಾಣ್ ಅವರನ್ನು ನೆನೆಯದೆ ಈ ಮಾತು ಪೂರ್ತಿಯಾಗದು. 'ಶೋಲೆ' ಚಿತ್ರದಲ್ಲಿ ಹೇಮಾ ಮಾಲಿನಿಯವರ ಬದಲಿಗೆ ಟಾಂಗಾದ ಸಾಹಸ ಮಾಡಿದವರು ಅವರು. ಅವರ ಬದುಕನ್ನು ಆಧರಿಸಿದ ಚಿತ್ರವೊಂದು 2019ರಲ್ಲಿ ಬಂತು. ಹೆಸರುಗಳು ತೆರೆಯ ಮೇಲೆ ಓಡುವಾಗ ಎದ್ದು ಹೋಗದೆ, ಸಾಹಸ ಕಲಾವಿದರ ಪಟ್ಟಿಯಲ್ಲಿ ಹೆಂಗಸರ ಹೆಸರನ್ನು ಹುಡುಕಿ ಬರೆದುಕೊಳ್ಳಿ.

ಒಂದು ಚಿತ್ರ, ಇಬ್ಬರು ಹೆಂಗಸರು

ಅಭ್ಯಾಸಕ್ಕೆ ಯಾವ ಚಿತ್ರ ಒಳ್ಳೆಯದು ಎಂದು ಕೇಳುವವರಿಗೆ ನಾನು 1975ರ 'ಶೋಲೆ'ಯನ್ನೇ ಹೇಳುತ್ತೇನೆ. ಎಲ್ಲರೂ ನೋಡಿದ ಕಥೆ. ಚಿತ್ರೀಕರಣವಾದದ್ದು ನಮ್ಮ ರಾಮನಗರದ ಬಂಡೆಗಳ ನಡುವೆ.

ಬಸಂತಿಯಿಂದ ಆರಂಭಿಸಿ. ಅವಳು ಟಾಂಗಾ ಓಡಿಸುತ್ತಾಳೆ, ಮತ್ತು ಓಡಿಸುವುದನ್ನು ನಾವು ಕಣ್ಣಾರೆ ಕಾಣುತ್ತೇವೆ. ಕುದುರೆ ಹೆಣ್ಣಾಗಿದ್ದು ಗಾಡಿ ಎಳೆಯಬಹುದಾದರೆ ಹೆಣ್ಣಾಗಿದ್ದು ತಾನೇಕೆ ಓಡಿಸಬಾರದು ಎಂದು ಬಂದಿಳಿದ ಇಬ್ಬರು ಗಂಡಸರ ಮುಂದೆ ವಾದಿಸುತ್ತಾಳೆ. ಮೊದಲ ಕಾಲಮ್ ಚೆನ್ನಾಗಿ ತುಂಬುತ್ತದೆ. ದರೋಡೆಕೋರರು ಬೆನ್ನಟ್ಟಿದಾಗ ಅದೇ ಕೌಶಲವೇ ಅವಳ ಆಯುಧ. ಆ ಓಟವನ್ನು ಚಿತ್ರ ಮನಸಾರೆ ತೋರಿಸುತ್ತದೆ. ಆಮೇಲೆ ಗಾಡಿ ಮುರಿಯುತ್ತದೆ, ಅವಳು ಸಿಕ್ಕಿಬೀಳುತ್ತಾಳೆ. ಅಲ್ಲಿಂದ ಮುಂದೆ ಎರಡನೆಯ ಕಾಲಮ್ಮಿನಲ್ಲಿ ಬರೆಯಲು ಏನು ಉಳಿಯುತ್ತದೆ ಎಂದು ನೋಡಿ. ಅವಳ ಕಾಲು ನಿಂತರೆ ಪ್ರಿಯಕರನ ಉಸಿರು ನಿಲ್ಲುತ್ತದೆಂಬ ಬೆದರಿಕೆಯಡಿ ಒಡೆದ ಗಾಜಿನ ಮೇಲೆ ಕುಣಿಯುತ್ತಾಳೆ. ಅದು ಧೈರ್ಯವೇ, ಅಲ್ಲವೆನ್ನಲಾರೆ. ಆದರೆ ಕುದುರೆಯ ಲಗಾಮು ಹಿಡಿದಿದ್ದ ಕೈಯ ಧೈರ್ಯ ಹೋಗಿ ಸಹಿಸುವ ಪಾದದ ಧೈರ್ಯ ಬಂದಿದೆ. ನಮ್ಮ ಸಿನಿಮಾಗಳು ಹೆಣ್ಣಿಗೆ ಸಲೀಸಾಗಿ ಕೊಡುವ ಶೌರ್ಯ ಈ ಎರಡನೆಯದು.

ಇನ್ನು ರಾಧಾ. ಗಂಡನನ್ನೂ ಮನೆಮಂದಿಯನ್ನೂ ಕಳೆದುಕೊಂಡು, ಬಿಳಿ ಸೀರೆಯಲ್ಲಿ, ಸಂಜೆ ಒಂದೊಂದಾಗಿ ದೀಪ ಆರಿಸುತ್ತ ಕಾಣುವ ಹೆಣ್ಣು. ಅವಳ ಮಾತುಗಳನ್ನು ಬರೆದುಕೊಂಡರೆ ಅರ್ಧ ಪುಟ ತುಂಬುವುದಿಲ್ಲ. ಆ ಸಂಸಾರವನ್ನು ಕೊಂದವನ ಮೇಲೆ ಸೇಡು ತೀರಿಸುವುದೇ ಇಡೀ ಚಿತ್ರ. ಸೇಡಿನ ವಿಷಯದಲ್ಲಿ ಅವಳ ಅಭಿಪ್ರಾಯವನ್ನು ಕೇಳಿದವರಿಲ್ಲ. ಅವಳ ಮರುಮದುವೆಯ ಮಾತನ್ನೂ ಇಬ್ಬರು ಹಿರಿಯ ಗಂಡಸರು ಆಡಿಕೊಳ್ಳುತ್ತಾರೆ. ಈ ಚಿತ್ರವನ್ನು ನಾನು ಪ್ರೀತಿಸುತ್ತೇನೆ, ಎಷ್ಟು ಸಲ ನೋಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ಆ ದೀಪ ಆರಿಸುವ ದೃಶ್ಯದಷ್ಟು ಸುಂದರವಾದದ್ದು ಅಪರೂಪ. ಸುಂದರವಾಗಿರುವುದರಿಂದಲೇ ಅದರ ಬಗ್ಗೆ ಮಾತನಾಡುವುದು ಅಗತ್ಯ, ಏಕೆಂದರೆ ಮೌನವಾಗಿ ಸೊರಗುವ ಹೆಣ್ಣು ನಮ್ಮ ಕಣ್ಣಿಗೆ ಚೆಂದ ಕಾಣುವಂತೆ ಆ ಬೆಳಕು ಮಾಡಿಟ್ಟಿದೆ.

ದೇವಿಯೂ ಒನಕೆಯೂ

ಕನ್ನಡ, ತೆಲುಗು, ಹಿಂದಿ ಮೂರರಲ್ಲೂ ನಾಯಕಿಯ ಸಿಟ್ಟಿಗೆ ಸಿದ್ಧವಾದ ಒಂದು ಅಚ್ಚಿದೆ. ಹಣೆತುಂಬ ಕುಂಕುಮ, ಬಿಚ್ಚಿದ ಕೂದಲು, ಹಿನ್ನೆಲೆಯಲ್ಲಿ ತಮಟೆ, ಕೈಯಲ್ಲಿ ತ್ರಿಶೂಲ. ಅಲ್ಲಿಯವರೆಗೆ ತಲೆ ತಗ್ಗಿಸಿದ್ದವಳು ದೇವಿಯಾಗಿ ಅವತರಿಸುತ್ತಾಳೆ, ಸಂಹಾರ ಮುಗಿದೊಡನೆ ಮತ್ತೆ ಮನೆಯವಳಾಗುತ್ತಾಳೆ. ಇದನ್ನು ತಳ್ಳಿಹಾಕಬೇಕೆಂದು ನಾನು ಹೇಳುವುದಿಲ್ಲ. ನಮ್ಮ ನೆಲದ ನಂಬಿಕೆಯ ಬಲ ಅದರಲ್ಲಿದೆ, ನೋಡುವಾಗ ನನಗೂ ಮೈ ಜುಮ್ಮೆನ್ನುತ್ತದೆ. ಆದರೆ ದೇವಿಯಾಗದೆ, ಬರಿಯ ಹೆಂಗಸಾಗಿ ಸಿಟ್ಟಾಗುವ ಅವಕಾಶ ಅವಳಿಗೆ ಚಿತ್ರದಲ್ಲಿ ಎಲ್ಲಾದರೂ ಇದೆಯೇ ಎಂದು ಬರೆದುಕೊಳ್ಳಿ. ಅದೇ ರೀತಿ, ಯುದ್ಧ ಬಲ್ಲ ಹೆಣ್ಣಿನ ಕಥೆ ಮದುವೆಯಲ್ಲಿ ಮುಗಿಯುವ ದಾರಿಯೂ ಹಳೆಯದೇ. ಅರ್ಜುನನ ಯಜ್ಞಾಶ್ವವನ್ನು ಕಟ್ಟಿಹಾಕಿ ಯುದ್ಧಕ್ಕೆ ನಿಂತ ಪ್ರಮೀಳೆಯನ್ನು ಲಕ್ಷ್ಮೀಶನ ಕಾವ್ಯದಲ್ಲಿ ಓದಿದವರಿಗೆ, ಯಕ್ಷಗಾನದಲ್ಲಿ ನೋಡಿದವರಿಗೆ, ಆ ಕಥೆ ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಗೊತ್ತು. ಕೊನೆಯ ರೀಲಿನಲ್ಲಿ ನಾಯಕಿ ಸಮವಸ್ತ್ರ ಬಿಟ್ಟು ರೇಷ್ಮೆ ಸೀರೆ ಉಟ್ಟು ಬಂದರೆ ಪ್ರಮೀಳೆಯನ್ನು ನೆನಪಿಸಿಕೊಳ್ಳಬಹುದು.

ಇವೆಲ್ಲಕ್ಕೂ ಅಳತೆಗೋಲಾಗಿ ನಾವು ಇಟ್ಟುಕೊಂಡಿರುವುದು ಚಿತ್ರದುರ್ಗದ ಓಬವ್ವನನ್ನು. ಹದಿನೆಂಟನೆಯ ಶತಮಾನದ ಆ ಕಥೆಯನ್ನು ಕನ್ನಡದ ಮಕ್ಕಳೆಲ್ಲ ಬಲ್ಲರು. 1972ರ ಕನ್ನಡ ಚಿತ್ರವೊಂದರಲ್ಲಿ ಜಯಂತಿಯವರು ಆ ಪಾತ್ರದಲ್ಲಿ ಕಾಣಿಸಿಕೊಂಡದ್ದನ್ನು ಹಿರಿಯರು ಇನ್ನೂ ಮರೆತಿಲ್ಲ. ಕಾವಲುಗಾರನಾದ ಗಂಡ ಊಟಕ್ಕೆ ಕುಳಿತಿದ್ದಾನೆ. ನೀರು ತರಲು ಹೋದವಳ ಕಿವಿಗೆ ಕಿಂಡಿಯ ಬಳಿ ಸದ್ದು ಬೀಳುತ್ತದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ತೂರಿ ಬರುತ್ತಿದ್ದಾರೆ. ಊಟದಿಂದ ಗಂಡನನ್ನು ಎಬ್ಬಿಸುವುದಿಲ್ಲ ಎಂಬುದು ಅವಳ ತೀರ್ಮಾನ. ಒಬ್ಬರೇ ತೂರಬಹುದಾದ ಇಕ್ಕಟ್ಟು ತನಗೆ ಅನುಕೂಲ ಎಂಬುದು ಅವಳ ಲೆಕ್ಕಾಚಾರ. ಕೈಗೆ ಬಂದದ್ದು ದಿನವೂ ಭತ್ತ ಕುಟ್ಟುವ ಒನಕೆ. ಅದರ ತೂಕ, ಅದನ್ನು ಎತ್ತಿ ಇಳಿಸುವ ಲಯ ಅವಳ ತೋಳಿಗೆ ಗೊತ್ತಿರುವುದೇ. ಸತ್ತವನನ್ನು ಪಕ್ಕಕ್ಕೆ ಎಳೆದುಹಾಕುತ್ತಾಳೆ, ಹಿಂದಿನವನಿಗೆ ಸುಳಿವು ಸಿಗಬಾರದಲ್ಲ. ಇಲ್ಲಿ ದೇವಿ ಮೈಮೇಲೆ ಬರಬೇಕಾಗಿಲ್ಲ, ಗಂಡುಡುಗೆ ಬೇಕಾಗಿಲ್ಲ, ಯಾರ ಸಾವಿನ ಸೇಡೂ ಬೇಕಾಗಿಲ್ಲ. ಯಾವುದೇ ಚಿತ್ರದ ನಾಯಕಿಯ ಬಗ್ಗೆ ಗೊಂದಲವಾದರೆ, ಅವಳ ಆಯುಧ ಅವಳ ಬದುಕಿನಿಂದ ಬಂದದ್ದೇ, ಹೊಡೆಯಬೇಕೆಂಬ ತೀರ್ಮಾನ ಅವಳದೇ ಎಂದು ಈ ಕಿಂಡಿಯ ಬಳಿ ನಿಲ್ಲಿಸಿ ನೋಡುತ್ತೇವೆ.

ಅದಲುಬದಲು, ಆಮೇಲೆ ಮಾತು

ಕೊನೆಯ ಅಭ್ಯಾಸ ಮಕ್ಕಳಿಗೆ ಬಹಳ ಇಷ್ಟ. ಒಂದು ದೃಶ್ಯವನ್ನು ಆರಿಸಿ, ಗಂಡು ಹೆಣ್ಣಿನ ಹೆಸರುಗಳನ್ನು ಅದಲುಬದಲು ಮಾಡಿ ಗಟ್ಟಿಯಾಗಿ ಓದಿಸಿ. 1979ರ 'ಏಲಿಯನ್' ಚಿತ್ರದ ಚಿತ್ರಕಥೆಯಲ್ಲಿ, ಬಾಹ್ಯಾಕಾಶ ನೌಕೆಯ ಸಿಬ್ಬಂದಿಯ ಪಾತ್ರಗಳನ್ನು ಗಂಡಾದರೂ ಹೆಣ್ಣಾದರೂ ಮಾಡಬಹುದೆಂದು ಬರೆದವರೇ ಸೂಚನೆ ಕೊಟ್ಟಿದ್ದರು. ಸಿಗರ್ನಿ ವೀವರ್ ಮಾಡಿದ ರಿಪ್ಲಿಯ ಪಾತ್ರ ಬಂದದ್ದು ಹಾಗೆ. ಅವಳು ಮೊದಲಿಗೆ ಗಟ್ಟಿಯಾಗಿ ನಿಲ್ಲುವುದು ಒಂದು ನಿಯಮ ಹೇಳಿ: ಸೋಂಕು ತಗುಲಿದವನನ್ನು ಒಳಗೆ ಬಿಡಲಾಗದು ಎಂದು. ಆ ಮಾತನ್ನು ಮೀರಿ ಬಾಗಿಲು ತೆರೆದದ್ದರಿಂದ ಎಲ್ಲ ಅನಾಹುತವಾಗುತ್ತದೆ. ಬೀಗದ ಕೈಯ ಪ್ರಶ್ನೆಗೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ. ನಮ್ಮ ಚಿತ್ರಗಳಲ್ಲಿ ಬದಲಿಸಿ ಓದಿದಾಗ, ಹುಡುಗಿಯ ಬೆನ್ನುಬಿದ್ದು ಕಾಡಿ ಒಪ್ಪಿಸುವ ದೃಶ್ಯಗಳು ಓದುವ ಹುಡುಗನ ಬಾಯಲ್ಲೇ ತಡವರಿಸುತ್ತವೆ.

ಸಿನಿಮಾ ಮುಗಿದ ಮೇಲೆ ಹತ್ತು ನಿಮಿಷ ಯಾರೂ ಅಭಿಪ್ರಾಯ ಹೇಳಬಾರದು. ಕಾಲಮ್ಮಿನಲ್ಲಿ ಬರೆದದ್ದನ್ನು ಮಾತ್ರ ಓದಬೇಕು ಎಂಬ ಕಟ್ಟಳೆ ಇಟ್ಟುಕೊಳ್ಳಿ. ಮೊದಲು ಮಕ್ಕಳು, ಬಳಿಕ ಹೆಂಗಸರು, ಕೊನೆಗೆ ಗಂಡಸರು ಎಂಬ ಸರದಿ ನಮಗೆ ಒಗ್ಗಿದೆ. ಗಂಡಸರ ಮೇಲೆ ಯಾರೂ ಹರಿಹಾಯಬಾರದು. ಸಿನಿಮಾ ಮಾಡಿದವರು ಅವರಲ್ಲ. ಇಷ್ಟದ ನಟನನ್ನು ಟೀಕಿಸಿದಿರೆಂದು ಮುನಿಸಿಕೊಳ್ಳುವ ಹುಡುಗರಿಗೆ, ಆ ನಟನ ಎಂಟ್ರಿ ನಿನಗೆ ಏಕೆ ಇಷ್ಟ ಎಂದು ಕೇಳಿ, ಪೂರ್ತಿ ಹೇಳಲು ಬಿಡಿ.

ಹೋದ ತಿಂಗಳು ಸ್ಟಾಪ್‌ವಾಚ್ ಹಿಡಿದಿದ್ದವನು ಎಂಟನೆಯ ತರಗತಿಯ ಹುಡುಗ. ತನ್ನ ಕಾಲಮ್ ಓದಿ ಮುಗಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ದೊಡ್ಡಕ್ಕ, ಇದರಲ್ಲಿ ಅವನ ಅಮ್ಮನಿಗೆ ಹೆಸರೇ ಇಲ್ಲ" ಎಂದ. ನಾವು ಐದು ಮಂದಿ ದೊಡ್ಡವರು ಮೊದಲ ಕಾಲಮ್ ಬರೆದಿದ್ದೆವು. ಐವರೂ ಅಲ್ಲಿ 'ತಾಯಿ' ಎಂದಷ್ಟೇ ಬರೆದು ಮುಂದಕ್ಕೆ ಹೋಗಿದ್ದೆವು. ಸಿನಿಮಾವನ್ನು ಮತ್ತೊಮ್ಮೆ ಮೊದಲಿನಿಂದ ಹಾಕಿ, ಯಾರಾದರೂ ಅವಳನ್ನು ಹೆಸರು ಹಿಡಿದು ಕರೆಯುತ್ತಾರೆಯೇ ಎಂದು ಹುಡುಕುತ್ತ ಕುಳಿತೆವು. ಮುಂದಿನ ಚಿತ್ರವನ್ನು ಆರಿಸುವ ಸರದಿಯನ್ನು ಅವನಿಗೇ ಕೊಟ್ಟಿದ್ದೇವೆ.